ಕೊಪಾನಿನ ಕಂಬ, ನನ್ನ ಕೈಯ ಹಳೇ ಚಾಳಿ

ಜೂನ್ ಎರಡನೇ ವಾರ ಶುರು ಮಾಡಿದ ಕೆಲಸ ಆಗಸ್ಟ್ ಕೊನೆಗೆ ಮುಗಿಯಿತು. ಎರಡು ಹಾಳೆ ಹಾಳಾದವು, ಒಂದು ಗಾಜು ಒಡೆಯಿತು. ಅಳಿಸಿದ ಗೆರೆಗಳಿಗೆ ಲೆಕ್ಕವಿಲ್ಲ. ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವುದಾದರೆ ಅವರ ಒಂದು ಹಾಳೆಯಾದರೂ ಉಳಿಯಲಿ ಅಂತ ಬರೆದಿಡುತ್ತಿದ್ದೇನೆ.

ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಕಳೆದ ವರ್ಷ ರಜೆಗೆ ಹೊಂಡುರಾಸ್‌ಗೆ ಹೋಗಿ ಮಧ್ಯ ಅಮೆರಿಕದ ಮಾಯಾ ಜನರ ಹಳೇ ಊರಾದ ಕೊಪಾನ್ ನೋಡಿಕೊಂಡು ಬಂದಳು. ಅಲ್ಲಿಂದಲೇ ವಾಟ್ಸಾಪ್‌ನಲ್ಲಿ ಮೂವತ್ತು ಫೋಟೋ ಕಳಿಸಿ, "ಮಾಮ, ಇಲ್ಲಿನ ಕಂಬಗಳನ್ನು ನೋಡಿದ್ರೆ ನಿಮ್ಮ ನೆನಪೇ ಆಯ್ತು. ಎಷ್ಟು ಕುಸುರಿ ಕೆಲಸ ನೋಡಿ!" ಅಂದಳು. ಹೊಸ ಮನೆಯ ಗೋಡೆಗೆ ಒಂದು ಬರೆದುಕೊಡಿ ಎಂಬ ಮಾತು ಅದರ ಹಿಂದೆಯೇ ಬಂತು. ಫೋಟೋ ನೋಡಿ ಬರೆಯುವುದು ನನಗೆ ಬೇಡವಾಗಿತ್ತು. ಕ್ಯಾದರ್‌ವುಡ್‌ನ ಚಿತ್ರವನ್ನು ನಕಲು ಮಾಡಿಕೊಡುತ್ತೇನೆ ಅಂದೆ. ಆ ಹೆಸರನ್ನು ಅವಳು ಕೇಳಿರಲಿಲ್ಲ.

ಫ್ರೆಡರಿಕ್ ಕ್ಯಾದರ್‌ವುಡ್ ಲಂಡನ್ನಿನವನು. ಹುಟ್ಟಿದ್ದು 1799ರಲ್ಲಿ. ಈಜಿಪ್ಟ್, ಜೆರುಸಲೆಂ ಎಲ್ಲ ಸುತ್ತಿ ಹಳೇ ಕಟ್ಟಡಗಳನ್ನು ಬರೆದು ಪಳಗಿದ್ದ. ಅಮೆರಿಕದ ವಕೀಲ ಜಾನ್ ಲಾಯ್ಡ್ ಸ್ಟೀಫನ್ಸ್ ಜೊತೆ 1839ರಲ್ಲಿ ಮಧ್ಯ ಅಮೆರಿಕಕ್ಕೆ ಹೋದ. ಕಾಡು ಮುಚ್ಚಿಕೊಂಡಿದ್ದ ಮಾಯಾ ಊರುಗಳನ್ನು ಒಂದೊಂದಾಗಿ ಬರೆದ. ಸ್ಟೀಫನ್ಸ್ ಕೊಪಾನಿನ ಜಾಗವನ್ನು 50 ಡಾಲರ್ ಕೊಟ್ಟು ಕೊಂಡುಬಿಟ್ಟ. ಈಗ ಒಳ್ಳೆಯ ಕುಂಚಗಳ ಒಂದು ಸೆಟ್ಟಿಗೆ ಅದಕ್ಕಿಂತ ಜಾಸ್ತಿ ಆಗುತ್ತದೆ! 1844ರಲ್ಲಿ ಕ್ಯಾದರ್‌ವುಡ್ ತನ್ನ ಚಿತ್ರಗಳಲ್ಲಿ 25ನ್ನು ಆರಿಸಿ ಲಂಡನ್ನಿನಲ್ಲಿ ದೊಡ್ಡ ಅಳತೆಯ ಕಲ್ಲಚ್ಚಿನ (ಲಿಥೋಗ್ರಾಫ್) ಸಂಪುಟ ಮಾಡಿಸಿದ. ಅಚ್ಚಾದದ್ದು 300 ಪ್ರತಿ. ಅದರಲ್ಲಿ ಕೆಲವಕ್ಕೆ ಮಾತ್ರ ಕೈಯಲ್ಲಿ ಬಣ್ಣ ಹಾಕಲಾಯಿತು. ನಾನು ಮಾಡಲು ಹೊರಟಿದ್ದು ಅಂಥ ಕೈಬಣ್ಣದ ಪ್ರತಿಯ ಹಾಗೆ ಕಾಣುವ ಒಂದು ಚಿತ್ರ. ಆರಿಸಿಕೊಂಡದ್ದು ಕೊಪಾನಿನ 'ವಿಗ್ರಹ ಮತ್ತು ಬಲಿಪೀಠ'. ಕಾಡಿನ ನಡುವೆ ಎದ್ದು ನಿಂತ ಕೆತ್ತನೆಯ ಕಂಬ, ಅದರ ಮುಂದೊಂದು ಪೀಠ.

ವಿಗ್ರಹ ಅನ್ನುವುದು ಅವರ ಕಾಲದ ಮಾತು. ಕಂಬದಲ್ಲಿರುವುದು ದೇವರಲ್ಲ, ರಾಜ. ಕೊಪಾನಿನಲ್ಲಿ ಹೆಸರಾದ ಕಂಬಗಳಲ್ಲಿ ಹೆಚ್ಚಿನವನ್ನು ನಿಲ್ಲಿಸಿದ್ದು 13ನೇ ಅರಸ. ಅವನ ತಲೆಯನ್ನು ಪಕ್ಕದ ಕಿರಿಗುವಾದವರು 738ರಲ್ಲಿ ಕಡಿದರು. ಇದೆಲ್ಲ ತಿಳಿದದ್ದು ಮಾಯಾ ಲಿಪಿ ಓದಲು ಬಂದ ಮೇಲೆ, ಇಪ್ಪತ್ತನೇ ಶತಮಾನದಲ್ಲಿ. ಕ್ಯಾದರ್‌ವುಡ್ ಒಂದಕ್ಷರವನ್ನೂ ಓದಲಾರದೆ ಅಷ್ಟನ್ನೂ ಬರೆದುಕೊಂಡ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಹಾಳೆ. 300 ಜಿಎಸ್ಎಂ, ಪೂರ್ತಿ ಹತ್ತಿಯದು, ನುಣುಪು ಮೈಯದು. 22 ಇಂಚು 30 ಇಂಚಿನ ದೊಡ್ಡ ಹಾಳೆ ತಂದು ಅರ್ಧ ಮಾಡಿದೆ. ಚಿತ್ರದ ಅಳತೆ 10 ಇಂಚು ಅಗಲ, 14 ಇಂಚು ಎತ್ತರ. ಸುತ್ತ ಧಾರಾಳ ಅಂಚು ಬಿಟ್ಟೆ. ತೆಳು ಬಣ್ಣವನ್ನು ಮೇಲಿಂದ ಮೇಲೆ ಹಾಕುವುದರಿಂದ ಹಾಳೆ ಉಬ್ಬುತ್ತದೆ. ಅದಕ್ಕೇ ಮೊದಲು ನೆನೆಸಿ, ಪ್ಲೈವುಡ್ ಹಲಗೆಗೆ ಎಳೆದು ಅಂಟಿಸಬೇಕು.

ಇಲ್ಲಿ ಮೊದಲ ಹಾಳೆ ಹೋಯಿತು. ನೀರು ಹಚ್ಚಿದರೆ ಅಂಟುವ ಕಾಗದದ ಗಮ್ ಟೇಪ್ ಬೇಕು ಅಂತ ಅಂಗಡಿಯಲ್ಲಿ ಕೇಳಿದೆ. ಕೊಟ್ಟಿದ್ದು ಕಂದು ಬಣ್ಣದ ಪ್ಯಾಕಿಂಗ್ ಟೇಪು. ನೋಡಲು ಒಂದೇ ಥರ. ನಾನೂ ನೋಡದೆ ತಂದೆ. ಒದ್ದೆ ಹಾಳೆಗೆ ಅದು ಒಂದು ಕಡೆ ಹಿಡಿಯಿತು, ಇನ್ನೊಂದು ಕಡೆ ಬಿಟ್ಟಿತು. ಬೆಳಿಗ್ಗೆ ನೋಡಿದರೆ ಹಾಳೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಎರಡನೇ ಸಲ ಸರಿಯಾದ ಟೇಪು ಹುಡುಕಿ ತಂದೆ. ಹತ್ತು ನಿಮಿಷ ನೀರಲ್ಲಿ ನೆನೆಸಿ, ಹಲಗೆಯ ಮೇಲೆ ಹರಡಿ, ಒದ್ದೆ ಸ್ಪಂಜಿನಿಂದ ಒತ್ತಿ, ನಾಲ್ಕೂ ಅಂಚಿಗೆ ಅಂಟಿಸಿದೆ. ಮೈಸೂರಿನ ಜೂನ್ ತಿಂಗಳು, ಒಣಗಲು ಎರಡು ದಿನ ಬೇಕಾಯಿತು. ಫ್ಯಾನ್ ಕೆಳಗಿಟ್ಟು ಅವಸರ ಮಾಡಿದರೆ ಅಂಚು ಮೊದಲು ಒಣಗಿ ಟೇಪು ಕಿತ್ತುಬರುತ್ತದೆ. ಗೋಡೆಗೆ ಒರಗಿಸದೆ ಮಲಗಿಸಿಯೇ ಇಡಿ.

ಇನ್ನು ಗೆರೆ. ಟ್ರೇಸಿಂಗ್ ಪೇಪರ್ ಇಟ್ಟು ಮಾಡಿದ್ದರೆ ಒಂದು ಸಂಜೆಯ ಕೆಲಸ. ಆದರೆ ಕ್ಯಾದರ್‌ವುಡ್ ಬಳಸಿದ್ದು ಕ್ಯಾಮೆರಾ ಲುಸಿಡಾ. 1806ರಲ್ಲಿ ವಿಲಿಯಂ ವೊಲ್ಲಾಸ್ಟನ್ ಪೇಟೆಂಟ್ ತೆಗೆದುಕೊಂಡ ಸಣ್ಣ ಪಟ್ಟಕದ ಸಾಧನ ಅದು. ಕಡ್ಡಿಗೆ ಸಿಕ್ಕಿಸಿ ಹಾಳೆಯ ಮೇಲೆ ನಿಲ್ಲಿಸುತ್ತಾರೆ. ಕಣ್ಣಿಟ್ಟು ಕೆಳಗೆ ನೋಡಿದರೆ ಎದುರಿನ ನೋಟ ಹಾಳೆಯ ಮೇಲೇ ಬಿದ್ದ ಹಾಗೆ ಕಾಣುತ್ತದೆ, ಪೆನ್ಸಿಲ್ಲೂ ಕಾಣುತ್ತದೆ. ನಿಜವಾಗಿ ಹಾಳೆಯ ಮೇಲೆ ಏನೂ ಬಿದ್ದಿರುವುದಿಲ್ಲ. ಇದನ್ನು ಒಮ್ಮೆ ಮನೆಯಲ್ಲೇ ಮಾಡಿ ನೋಡಬೇಕು ಅಂತ ಬಹಳ ದಿನದ ಆಸೆ.

ಪಟ್ಟಕ ಇಲ್ಲ, ಗಾಜು ಇದೆ. ಒಂದು ಗಾಜಿನ ತುಂಡನ್ನು 45 ಡಿಗ್ರಿ ಓರೆಯಾಗಿ ಹಾಳೆಯ ಮೇಲೆ ನಿಲ್ಲಿಸಿದೆ. ನನ್ನ ಕಡೆಯ ಅಂಚು ಮೇಲೆ, ಆಚೆ ಅಂಚು ಕೆಳಗೆ. ಎರಡು ಪಕ್ಕಕ್ಕೂ ಚಪ್ಪಲಿ ಡಬ್ಬಿಯನ್ನು ಓರೆಯಾಗಿ ಕತ್ತರಿಸಿ ಆಧಾರ ಕೊಟ್ಟೆ. ಆಚೆ ಕಡೆ ಟ್ಯಾಬ್ಲೆಟ್ಟನ್ನು ನೆಟ್ಟಗೆ ನಿಲ್ಲಿಸಿ ಅದರಲ್ಲಿ ಚಿತ್ರ ತೆರೆದೆ. ಮೇಲಿಂದ ಬಗ್ಗಿ ನೋಡಿದರೆ, ಅಬ್ಬಾ, ಕಂಬ ಹಾಳೆಯ ಮೇಲೆ ಮಲಗಿದೆ! ಆದರೆ ತಲೆಕೆಳಗು. ಟ್ಯಾಬ್ಲೆಟ್ ತಿರುಗಿಸಿ ಇಟ್ಟೆ. ತಲೆ ಸರಿಯಾಯಿತು, ಎಡ ಬಲ ಅದಲುಬದಲಾಯಿತು. ಕೊನೆಗೆ ಚಿತ್ರವನ್ನೇ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಉಳಿಸಿಕೊಂಡ ಮೇಲೆ ಎಲ್ಲ ಕೂಡಿಬಂತು. ಗಾಜಿನಲ್ಲಿ ಬೆಳಕು ಒಂದೇ ಸಲ ತಿರುಗುತ್ತದೆ, ಅದಕ್ಕೇ ಹೀಗೆ. ವೊಲ್ಲಾಸ್ಟನ್ನನ ಪಟ್ಟಕದಲ್ಲಿ ಎರಡು ಸಲ ತಿರುಗುವುದರಿಂದ ಈ ರಗಳೆ ಇಲ್ಲ. ಅಂದಹಾಗೆ ಲಂಡನ್ನಿನ ಕಲ್ಲಚ್ಚಿನವರಿಗೂ ಇದೇ ಪಾಡು. ಅಚ್ಚಿನಲ್ಲಿ ತಿರುಗಿ ಬೀಳುವುದರಿಂದ ಇಡೀ ಚಿತ್ರವನ್ನು ಕಲ್ಲಿನ ಮೇಲೆ ಉಲ್ಟಾ ಬರೆಯಬೇಕಿತ್ತು.

ಮೂರು ವಿಷಯ ಕಲಿತೆ. ಟ್ಯಾಬ್ಲೆಟ್ಟಿನಿಂದ ಗಾಜಿಗೆ ಎಷ್ಟು ದೂರವೋ ಗಾಜಿನಿಂದ ಹಾಳೆಗೂ ಅಷ್ಟೇ ಇರಬೇಕು. ಇಲ್ಲದಿದ್ದರೆ ತಲೆ ಒಂದಿಷ್ಟು ಅಲುಗಿದರೂ ಚಿತ್ರ ಪೆನ್ಸಿಲ್ಲಿನ ಕೆಳಗಿಂದ ಜಾರುತ್ತದೆ. ಕಿಟಕಿಯ ದಪ್ಪ ಗಾಜು ಹಾಕಿದರೆ ಪ್ರತಿ ಗೆರೆಯೂ ಜೋಡಿಯಾಗಿ ಕಾಣುತ್ತದೆ, ಯಾಕೆಂದರೆ ಗಾಜಿನ ಎರಡೂ ಮೈ ಪ್ರತಿಫಲಿಸುತ್ತವೆ. ಫೋಟೋ ಫ್ರೇಮಿನ ತೆಳು ಗಾಜಿನಲ್ಲಿ ಇದು ಕಡಿಮೆ. (ಅದು ಬೇಗ ಒಡೆಯುತ್ತದೆ ಕೂಡ.) ಹಾಳೆಯ ಮೇಲೆ ಬೆಳಕು ಹೆಚ್ಚಾದರೆ ಚಿತ್ರ ಮಾಯ, ಕಡಿಮೆಯಾದರೆ ಪೆನ್ಸಿಲ್ ಮಾಯ. ಟೇಬಲ್ ಲ್ಯಾಂಪಿಗೆ ಹಳೇ ಪಂಚೆಯ ತುಂಡು ಹೊದಿಸಿದಾಗ ಹದ ಸಿಕ್ಕಿತು. ಎಲ್ಇಡಿ ಬಲ್ಬ್ ಆದ್ದರಿಂದ ಮಾಡಿದೆ, ಬಿಸಿಯಾಗುವ ಬಲ್ಬಿಗೆ ಬಟ್ಟೆ ಹೊದಿಸಬೇಡಿ. ಟ್ಯಾಬ್ಲೆಟ್ ಚಿಕ್ಕದು, ಹಾಗಾಗಿ ಚಿತ್ರವನ್ನು ನಾಲ್ಕು ತುಂಡು ಮಾಡಿ, ಮೂಲೆಗಳಲ್ಲಿ ಕೂಡು ಗುರುತು ಹಾಕಿಕೊಂಡು, ಒಂದೊಂದಾಗಿ ಇಳಿಸಿದೆ.

ಆಮೇಲೆ ನಿಜವಾದ ಕಷ್ಟ ಶುರುವಾಯಿತು.

ಸಾಧನ ಕೊಡುವುದು ಅಳತೆ ಮಾತ್ರ. ಅಂಚು, ಎತ್ತರ, ಮುಖ ಇರುವ ಜಾಗ, ಕೈ ಇರುವ ಜಾಗ. ಒಳಗಿನ ಕೆತ್ತನೆಯನ್ನು ಮೂಲ ನೋಡಿಕೊಂಡು ಕೈಯಲ್ಲೇ ತುಂಬಬೇಕು. ನಾಲ್ಕು ಸಂಜೆ ಕೂತು ತುಂಬಿದೆ. ಬಹಳ ಚೆನ್ನಾಗಿ ಬಂದಿದೆ ಅನ್ನಿಸಿತು. ಐದನೇ ದಿನ ಬೆಳಿಗ್ಗೆ ಕಾಫಿ ಹಿಡಿದು ದೂರದಿಂದ ನೋಡಿದೆ. ನನ್ನೆದುರು ಇದ್ದದ್ದು ಹಳೇಬೀಡಿನ ಗೋಡೆ!

ಮೈಸೂರು ಶೈಲಿಯ ಚಿತ್ರ ಕಲಿತವನು ನಾನು. ಹನ್ನೆರಡು ವರ್ಷ ಅದೇ ಬರೆದಿದ್ದೇನೆ. ರಾಜನ ಕಣ್ಣು ಕಮಲದ ಎಸಳಿನ ಹಾಗೆ ಉದ್ದ ಬಂದಿತ್ತು. ಎದೆಯ ಮೇಲೆ ರಾಜ ಎರಡೂ ಕೈಯಲ್ಲಿ ಅಡ್ಡ ಹಿಡಿದ ದಂಡವೊಂದಿದೆ, ಅದರ ಎರಡು ತುದಿಯಲ್ಲೂ ಬಾಯಿ ತೆರೆದ ಸರ್ಪ. ನನ್ನ ಕೈಯಲ್ಲಿ ಅವು ಮಕರಗಳಾಗಿದ್ದವು, ಬಾಯಿಂದ ಬಳ್ಳಿ ಹೊರಟಿತ್ತು. ತಲೆಯ ಮೇಲಿನ ಮುಖವಾಡ ಸಿಂಹಲಲಾಟವಾಗಿತ್ತು. ಎಲ್ಲಿ ಮೂಲದ ಗೆರೆ ನನಗೆ ಅರ್ಥವಾಗಲಿಲ್ಲವೋ ಅಲ್ಲೆಲ್ಲ ಕೈ ನನ್ನನ್ನು ಕೇಳದೆ ತನಗೆ ಗೊತ್ತಿದ್ದದ್ದನ್ನು ಬರೆದುಬಿಟ್ಟಿತ್ತು.

ಆಗ ಕ್ಯಾದರ್‌ವುಡ್‌ನ ಮೊದಲ ದಿನ ನೆನಪಾಯಿತು. ಸ್ಟೀಫನ್ಸ್ 1841ರ ತನ್ನ ಪ್ರವಾಸದ ಪುಸ್ತಕದಲ್ಲಿ ಅದನ್ನು ಬರೆದಿದ್ದಾನೆ. ಕ್ಯಾದರ್‌ವುಡ್ ಕೆಸರಿನಲ್ಲಿ ಕಾಲಿಟ್ಟುಕೊಂಡು, ಸೊಳ್ಳೆಗೆ ಹೆದರಿ ಕೈಗವಸು ತೊಟ್ಟು ಬರೆಯುತ್ತ ನಿಂತಿದ್ದ. ಬರೆದದ್ದು ಯಾವುದೂ ಹೊಂದುತ್ತಿರಲಿಲ್ಲ. ಈಜಿಪ್ಟಿನಲ್ಲಿ ಪಳಗಿದ ಕೈಗೆ ಈ ಕೆತ್ತನೆಯ ನಡೆಯೇ ಹಿಡಿತಕ್ಕೆ ಸಿಗಲಿಲ್ಲ. ಕ್ಯಾಮೆರಾ ಲುಸಿಡಾ ಇದ್ದೂ ಆ ಪಾಡು. ಮರುದಿನದಿಂದ ನಿಧಾನಕ್ಕೆ ದಾರಿ ಸಿಕ್ಕಿತು.

ಎಲ್ಲರಿಗೂ ಸಿಕ್ಕಲಿಲ್ಲ ಅನ್ನಿ. ಅವನಿಗಿಂತ ಮೊದಲು ಮೆಕ್ಸಿಕೋದ ಮಾಯಾ ಊರು ಪಾಲೆಂಕೆಯಲ್ಲಿ ಚಿತ್ರ ಬರೆದ ವಾಲ್ಡೆಕ್ ಅಲ್ಲಿನ ಲಿಪಿಯೊಳಗೆ ಆನೆಯ ತಲೆ ಬರೆದುಬಿಟ್ಟ. ಕೊಪಾನಿನಲ್ಲೇ 'ಬಿ' ಅನ್ನುವ ಕಂಬದ ಮೇಲ್ತುದಿಯಲ್ಲಿ ಉದ್ದ ಕೊಕ್ಕಿನ ಎರಡು ಮಕಾವ್ ಗಿಳಿಗಳಿವೆ. ಗ್ರಾಫ್ಟನ್ ಎಲಿಯಟ್ ಸ್ಮಿತ್ ಎಂಬ ವಿದ್ವಾಂಸ ಅವು ಆನೆ, ಮೇಲೆ ಕೂತವನು ಮಾವುತ, ಇದೆಲ್ಲ ಭಾರತದಿಂದ ಹೋದದ್ದು ಅಂತ 1920ರ ದಶಕದಲ್ಲೂ ವಾದಿಸುತ್ತಿದ್ದ. ನಗಬೇಡಿ. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ, ಅದು ಕೊಲಂಬಸ್‌ಗಿಂತ ಮೊದಲೇ ಅಮೆರಿಕದಿಂದ ಬಂದಿತ್ತು ಅಂತ ಹೇಳುವವರು ನಮ್ಮಲ್ಲಿಗೂ ಬಂದು ಹೋಗಿದ್ದಾರೆ. ಗೊತ್ತಿಲ್ಲದ್ದನ್ನು ನೋಡಿದಾಗ ಕಣ್ಣು ಮನೆಯ ಸಾಮಾನನ್ನೇ ಹುಡುಕುತ್ತದೆ.

ಎಲ್ಲ ಅಳಿಸಿದೆ. ಹಾಳೆಯ ಮೈ ಎದ್ದುಬಂತು, ನೀರುಬಣ್ಣಕ್ಕೆ ಅದು ಆಗದು. ಎರಡನೇ ಹಾಳೆಗೂ ವಿದಾಯ. ಮತ್ತೆ ನೆನೆಸು, ಮತ್ತೆ ಎಳೆ, ಮತ್ತೆ ನಾಲ್ಕು ತುಂಡು.

ಈ ಸಲ ಒಂದು ಉಪಾಯ ಮಾಡಿದೆ. ಉಬ್ಬನ್ನು ಬರೆಯುವುದನ್ನು ಬಿಟ್ಟೆ. ತಗ್ಗನ್ನು ಮಾತ್ರ ಬರೆದೆ. ಅಂದರೆ ಕಣ್ಣು, ಮೂಗು, ಸರ್ಪ ಇವನ್ನು ಮುಟ್ಟದೆ ಅವುಗಳ ನಡುವಿನ ಕಪ್ಪು ನೆರಳಿನ ಆಕಾರಗಳನ್ನು ಮಾತ್ರ ಒಂದೊಂದಾಗಿ ಇಳಿಸಿದೆ. ಒಂದು ನೆರಳು ಹುಣಸೆ ಬೀಜದಂತಿದೆ, ಇನ್ನೊಂದು ಮುರಿದ ಕೊಡಲಿಯಂತೆ, ಮತ್ತೊಂದು ಬರೀ ಸೊಟ್ಟ ಚೌಕ. ನೆರಳಿಗೆ ಮೈಸೂರು ಶೈಲಿ ಇಲ್ಲ, ಹೊಯ್ಸಳ ಶೈಲಿಯೂ ಇಲ್ಲ. ಕೈಗೆ ಜಾಣತನ ತೋರಿಸಲು ಜಾಗವೇ ಸಿಗಲಿಲ್ಲ. ಸುಮಾರು ಇನ್ನೂರು ನೆರಳು ಬರೆದ ಮೇಲೆ ಅವುಗಳ ನಡುವಿನಿಂದ ಒಂದು ಮುಖ ತಾನಾಗಿ ಹೊರಗೆ ಬಂತು. ದಪ್ಪ ತುಟಿ, ಅಗಲ ಕೆನ್ನೆ, ನೇರ ನೋಟ. ನನಗೆ ಪರಿಚಯವೇ ಇಲ್ಲದ ಮನುಷ್ಯ. ಆಗ ಸರಿಯಾಯಿತು ಅಂತ ಗೊತ್ತಾಯಿತು. ಅನುಮಾನ ಬಂದ ಕಡೆ ಆಲ್‌ಫ್ರೆಡ್ ಮಾಡ್‌ಸ್ಲೇ ತೆಗೆದ ಫೋಟೋಗಳನ್ನು ಪಕ್ಕಕ್ಕಿಟ್ಟು ನೋಡಿದೆ. ಅವನು 1885ರಲ್ಲಿ ಕೊಪಾನಿಗೆ ಹೋಗಿ ಈ ಕಂಬಗಳ ಫೋಟೋ ತೆಗೆದ, ಕೆತ್ತನೆಯ ಪಡಿಯಚ್ಚೂ ತೆಗೆಸಿದ. ಫೋಟೋದ ಮುಂದೆ ಕ್ಯಾದರ್‌ವುಡ್‌ನ ಕೆತ್ತನೆ ಎಷ್ಟು ಸರಿ ಇದೆ ಎಂದರೆ ಕೈಗವಸಿಗೆ ಕೈ ಮುಗಿಯಬೇಕು.

ಕಲ್ಲಚ್ಚಿನ ಗೆರೆಗೆ ಒಂದು ಗುಣ ಇದೆ. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾರೆ. ಕಲ್ಲಿನ ಮೈ ಸಣ್ಣ ರವೆಯಂತೆ ತರಿತರಿಯಾಗಿರುವುದರಿಂದ ಗೆರೆ ಪುಡಿಪುಡಿಯಾಗಿ ಬೀಳುತ್ತದೆ. ನನ್ನ ಪೆನ್ಸಿಲ್ ಗೆರೆ ನುಣ್ಣಗೆ ಜಾರುತ್ತಿತ್ತು. ಗಾಜಿನ ಮೇಲೆ ಬರೆಯುವ ಮೇಣದ ಕಪ್ಪು ಪೆನ್ಸಿಲ್ ತಂದು ನೋಡಿದೆ. ಹೆಚ್ಚು ಒತ್ತದೆ ಬರೆದರೆ ಅದೇ ತರಿ ಬರುತ್ತದೆ. ಆದರೆ ಮೇಣ ನೀರನ್ನು ದೂಡುತ್ತದೆ. ಕಲ್ಲಚ್ಚು ನಡೆಯುವುದೇ ಜಿಡ್ಡಿಗೂ ನೀರಿಗೂ ಆಗದ ಜಗಳದಿಂದ, ಅದು ಇಲ್ಲೂ ಶುರುವಾಯಿತು. ಹಾಗಾಗಿ ಮೊದಲು ತಳದ ಬಣ್ಣ, ಆಮೇಲೆ ಮೇಣದ ಗೆರೆ, ಕೊನೆಗೆ ಬಣ್ಣದ ತೆಳು ಪದರಗಳು ಅಂತ ಕ್ರಮ ಮಾಡಿಕೊಂಡೆ. ಗೆರೆಯ ಮೇಲೆ ಬಣ್ಣ ನಿಲ್ಲದೆ ಪಕ್ಕಕ್ಕೆ ಸರಿದು ಕೂತದ್ದು ಚೆನ್ನಾಗಿಯೇ ಕಂಡಿತು.

ತಳದ ಬಣ್ಣ ರಾ ಸಿಯೆನ್ನಾ, ಅದಕ್ಕೆ ಒಂದು ಚಿಟಿಕೆ ಬರ್ನ್ಟ್ ಅಂಬರ್. ಹಾಲು ಜಾಸ್ತಿಯಾದ ಚಹಾದ ಬಣ್ಣ. ಮೂಲದಲ್ಲಿ ಈ ಛಾಯೆಗೇ ಬೇರೆ ಕಲ್ಲು ಇರುತ್ತದೆ. ಬೆಳಕು ಬೀಳುವ ಕಡೆ ಆ ಕಲ್ಲಿನಿಂದ ಛಾಯೆಯನ್ನು ಕೆರೆದು ತೆಗೆದು ಬಿಳಿ ಹಾಳೆ ಕಾಣುವಂತೆ ಬಿಟ್ಟಿರುತ್ತಾರೆ. ನಾನು ಆ ಜಾಗಗಳಿಗೆ ಮಾಸ್ಕಿಂಗ್ ಫ್ಲೂಯಿಡ್, ಅಂದರೆ ಬಣ್ಣ ಹಿಡಿಯದಂತೆ ಹಚ್ಚಿ ಆಮೇಲೆ ಕೀಳುವ ರಬ್ಬರಿನ ದ್ರವ, ಹಚ್ಚಿದೆ. ಅಷ್ಟರಲ್ಲಿ ಊರಿನಿಂದ ನೆಂಟರು ಬಂದರು, ನಾಲ್ಕು ದಿನ ಆ ಕಡೆ ಹೋಗಲಿಲ್ಲ. ಐದನೇ ದಿನ ಕೀಳಲು ಹೋದರೆ ಬಲಿಪೀಠದ ಬಲ ಮೂಲೆಯಲ್ಲಿ ಹಾಳೆಯ ಸಿಪ್ಪೆಯೂ ಜೊತೆಗೆ ಎದ್ದಿತು. ಕಡಲೆಕಾಯಿಯಷ್ಟು ಜಾಗ. ಅದು ಹಚ್ಚಿದ ದಿನವೇ ಕೀಳಬೇಕಾದ ವಸ್ತು, ಬಾಟಲಿಯ ಮೇಲೆ ಬರೆದೇ ಇದೆ. ಎದ್ದ ಎಳೆಗಳನ್ನು ಬ್ಲೇಡಿನಿಂದ ಸವರಿ, ಮೇಲೆ ಬಟರ್ ಪೇಪರ್ ಇಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಕೂರಿಸಿದೆ. ಅಲ್ಲಿ ಮಾತ್ರ ಬಿಳಿ ಗ್ವಾಶ್ (ತಳ ಕಾಣದ ಗಟ್ಟಿ ನೀರುಬಣ್ಣ) ಒಣ ಕುಂಚದಲ್ಲಿ ಹಚ್ಚಿ, ಮೇಲೆ ಕೆತ್ತನೆ ಬರೆದು ಮುಚ್ಚಿದೆ.

ಹಸಿರು ನನ್ನನ್ನು ಎಂದೂ ಗೋಳು ಹೊಯ್ದುಕೊಳ್ಳುವ ಬಣ್ಣ. ಆ ಕಾಲದ ಚಿತ್ರಕಾರರಿಗೆ ಸಿದ್ಧ ಹಸಿರಿಗಿಂತ ಬೆರಕೆ ಹಸಿರೇ ರೂಢಿ. ಹೂಕರ್ಸ್ ಗ್ರೀನ್ ಅಂತ ಈಗ ಟ್ಯೂಬಿನಲ್ಲಿ ಬರುವುದು ಮೊದಲು ಪ್ರಷ್ಯನ್ ಬ್ಲೂ ಮತ್ತು ಗ್ಯಾಂಬೋಜ್ ಬೆರೆಸಿದ ಹಸಿರಾಗಿತ್ತು. ಗ್ಯಾಂಬೋಜ್ ಅಂದರೆ ನಮ್ಮ ಮುರುಗಲಿನ ಜಾತಿಯ ಮರಗಳ ಹಳದಿ ಅಂಟು. ಮೈಸೂರು ಶೈಲಿಯಲ್ಲಿ ಗೆಸ್ಸೋ ಎಂಬ ಉಬ್ಬು ಕೆಲಸಕ್ಕೆ ಬಿಳಿ ಪುಡಿಯಾದ ಸಫೇದದ ಜೊತೆ ಬೆರೆಸುವ ಮಕ್ಕಿಯೂ ಅದೇ. ನನ್ನ ಡಬ್ಬಿಯಲ್ಲಿ ಹಳೇ ತುಂಡೊಂದು ಇತ್ತು. ಅಬ್ಬ, ಕೊಪಾನಿನ ಕಾಡಿಗೂ ನನ್ನ ಮಕ್ಕಿಗೂ ನಂಟು ಕೂಡಿತು ಅಂತ ಖುಷಿಪಟ್ಟು ಬೇರೆ ಹಾಳೆಯಲ್ಲಿ ಬೆರೆಸಿ ನೋಡಿದೆ. ಎಂಥ ಚಂದದ ಹಸಿರು! ಆದರೆ ಬಿಸಿಲಿಗೆ ಅದು ನಿಲ್ಲುವುದಿಲ್ಲ. ಹಳದಿ ಮಾಸಿ ಕಾಡು ನೀಲಿಗೆ ತಿರುಗುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ ಅಂತ ಈಗಿನ ಬಾಳಿಕೆಯ ಹಳದಿಯನ್ನೇ ಬಳಸಿದೆ. ಇನ್ನೊಂದು ಮಾತು, ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇರುವವರು ಮಕ್ಕಿಯಿಂದ ದೂರ ಇರಿ. ಅದು ಜೋರು ಭೇದಿಯ ಔಷಧಿ.

ಮೊದಲ ಪದರದ ಹಸಿರು ಹಾಕಿದಾಗ ಕಾಡು ಮದುವೆ ಛತ್ರದ ಪ್ಲಾಸ್ಟಿಕ್ ತೋರಣದ ಹಾಗಿತ್ತು. ಪೂರ್ತಿ ಒಣಗಲು ಬಿಟ್ಟು, ಮೇಲೆ ಬರ್ನ್ಟ್ ಸಿಯೆನ್ನಾದ ತೀರಾ ತೆಳು ನೀರು ಓಡಿಸಿದೆ. ಕೂಡಲೇ ತಣ್ಣಗಾಯಿತು. ಮುಂದಿನ ಎಲೆಗಳಿಗೆ ಬೆಚ್ಚನೆ ಹಸಿರು, ಹಿಂದಿನವಕ್ಕೆ ನೀಲಿ ಕೂಡಿದ ಬೂದು. ಕಂಬದ ಕಲ್ಲಿಗೂ ಒಂದಿಷ್ಟು ಹಸಿರು ಬೇಕು. ಕೊಪಾನಿನ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾದದ್ದು, ಅದರ ಮೈಯಲ್ಲೇ ಹಸಿರು ಛಾಯೆ ಇದೆ. ಮೆಕ್ಸಿಕೋದ ಯುಕಟಾನಿನ ಸುಣ್ಣದ ಕಲ್ಲಿನ ಹಾಗೆ ಬಿಳಿಚಿಕೊಂಡಿರುವುದಿಲ್ಲ. ಕೆಲವು ಕಂಬಗಳಲ್ಲಿ ಕೆಂಪು ಬಣ್ಣದ ಗುರುತು ಉಳಿದಿದ್ದನ್ನು ಸ್ಟೀಫನ್ಸ್ ನೋಡಿದ್ದ. ಅಕ್ಕನ ಮಗಳು "ಹಾಗಾದ್ರೆ ಕೆಂಪು ಹಚ್ಚಿ ಮಾಮ, ಗೋಡೆಗೆ ಚೆನ್ನಾಗಿರುತ್ತೆ" ಅಂದಳು. ಹಚ್ಚಲಿಲ್ಲ. ನಾನು ನಕಲು ಮಾಡುತ್ತಿರುವುದು ಹಾಳೆಯನ್ನು, ಕಂಬವನ್ನಲ್ಲ.

ಆ ಹಾಳೆಯೂ ನಕಲೇ. ಕಲ್ಲಿನ ಮೇಲೆ ಬರೆದ ಲಂಡನ್ನಿನ ಕಸುಬುದಾರರು ಕೊಪಾನ್ ನೋಡಿದವರಲ್ಲ, ಕ್ಯಾದರ್‌ವುಡ್‌ನ ಬಣ್ಣದ ಚಿತ್ರ ನೋಡಿ ಬರೆದವರು. ಅವನ ಚಿತ್ರಗಳಲ್ಲಿ ಬಹಳಷ್ಟು 1842ರ ಜುಲೈನಲ್ಲಿ ನ್ಯೂಯಾರ್ಕಿನ ಅವನ ಪ್ರದರ್ಶನ ಮಂದಿರಕ್ಕೆ ಬೆಂಕಿ ಬಿದ್ದಾಗ ಬೂದಿಯಾದವು. ಸ್ಟೀಫನ್ಸ್ ಹೊತ್ತು ತಂದಿದ್ದ, ಯುಕಟಾನಿನ ಮಾಯಾ ಊರು ಉಶ್ಮಾಲಿನ ಕೆತ್ತಿದ ಮರದ ತೊಲೆಯೂ ಅದೇ ಬೆಂಕಿಗೆ ಹೋಯಿತು. 1854ರಲ್ಲಿ ಕ್ಯಾದರ್‌ವುಡ್ಡೂ ಹಡಗು ದುರಂತದಲ್ಲಿ ತೀರಿಕೊಂಡ.

ಕೊನೆಯ ಕೆಲಸ ಗೋಂದು. ಆ ಕಾಲದವರು ಗಾಢ ನೆರಳುಗಳ ಮೇಲೆ ಅರೇಬಿಕ್ ಗೋಂದಿನ ನೀರು ಹಚ್ಚುತ್ತಿದ್ದರು, ಕಪ್ಪಿಗೆ ಆಳ ಬರುತ್ತದೆ ಅಂತ. ಒಂದು ಪಾಲು ಗೋಂದಿಗೆ ಮೂರು ಪಾಲು ನೀರು ಬೆರೆಸಿ, ಮುಖದ ಕೆಳಗಿನ ನೆರಳಿಗೂ ಪೀಠದ ಬುಡಕ್ಕೂ ಮಾತ್ರ ಹಚ್ಚಿದೆ. ಜಾಸ್ತಿಯಾದರೆ ಬೆಲ್ಲದ ಪಾಕ ಬಿದ್ದ ಹಾಗೆ ಮಿಂಚುತ್ತದೆ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಹಾಳೆಯನ್ನು ಹಲಗೆಯಿಂದ ಕತ್ತರಿಸಿ, ಆಮ್ಲವಿಲ್ಲದ ಮೌಂಟ್ ಬೋರ್ಡಿಗೆ ಹಚ್ಚಿಸಿ, ಫ್ರೇಮ್ ಹಾಕಿಸಿದೆ. ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟಿನ ಅಂಚು ಬಿಡಿಸಿದೆ.

ಫೋಟೋ ಕಳಿಸಿದೆ. ಹತ್ತು ನಿಮಿಷ ಉತ್ತರವಿಲ್ಲ. ಆಮೇಲೆ ಬಲ ಮೂಲೆಯನ್ನು ದೊಡ್ಡದು ಮಾಡಿ, ಸುತ್ತ ಕೆಂಪು ಗುರುತು ಹಾಕಿ ಕಳಿಸಿದಳು. "ಮಾಮ, ಇದು ನಮ್ಮನೆ ಪೂಜಾ ರೂಮಿನ ಬಾಗಿಲಲ್ಲಿರೋ ಬಳ್ಳಿ ಅಲ್ವಾ?"

ಹೌದು. ಸಿಪ್ಪೆ ಎದ್ದು ಗ್ವಾಶ್ ಹಚ್ಚಿದ ಜಾಗ. ಅಲ್ಲಿ ನೆರಳಿನ ಗುರುತು ಅಳಿಸಿಹೋಗಿತ್ತು, ಮೂಲ ತೆರೆಯದೆ ಸುಮ್ನೆ ಅಂದಾಜಿನಲ್ಲಿ ಮುಚ್ಚಿದ್ದೆ. ಫ್ರೇಮ್ ಬಿಚ್ಚಿ ತಿದ್ದುತ್ತೇನೆ ಅಂದೆ. ಬೇಡ ಅಂದಳು. ಚಿತ್ರದ ಹಿಂದೆ ಪೆನ್ಸಿಲ್ಲಿನಲ್ಲಿ 'ಕ್ಯಾದರ್‌ವುಡ್‌ನ 1844ರ ಕಲ್ಲಚ್ಚಿನ ಕೈನಕಲು, ಮೈಸೂರು' ಅಂತ ಬರೆದಿದ್ದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಪೀಠದ ಬಲ ಮೂಲೆಯ ಬಳ್ಳಿ ಮೂಲದಲ್ಲಿಲ್ಲ.'